ಜೇಬುನ್ನೀಸಾ ಖಾಲಾ ಮತ್ತು ಥರ್ಮಾಕೋಲಿನ ಸಿಂಹಾಸನ

ಜೇಬುನ್ನೀಸಾ ಖಾಲಾ ಅವರ ಕಾರ್ಖಾನೆಗೆ ಮೊದಲ ಸಲ ಹೋದ ದಿನ ನಾನು ಅವರ ಕಾರ್ಖಾನೆಯ ನೀರನ್ನೇ ಕುಡಿಯಲು ಹೊರಟಿದ್ದೆ.

ಮೇ ತಿಂಗಳು. ಮಲಾಡ್‌ನಿಂದ ದಾದರ್‌ವರೆಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿ ಇಳಿದು ಬೈಕುಲ್ಲಾಕ್ಕೆ ಇನ್ನೊಂದು. ಎರಡರಲ್ಲೂ ನಾನು ನಿಂತಿದ್ದೆ ಅನ್ನುವುದಕ್ಕಿಂತ ಉಳಿದವರ ನಡುವೆ ಸಿಕ್ಕಿಕೊಂಡಿದ್ದೆ ಅನ್ನುವುದೇ ಸರಿ. ಗಲ್ಲಿಯೊಳಗಿನ ಆ ಕಾರ್ಖಾನೆ ಮುಟ್ಟುವ ಹೊತ್ತಿಗೆ ನನ್ನ ಅಂಗಿ ಹಿಂಡಿದರೆ ಒಂದು ತಂಬಿಗೆ ತುಂಬುವಂತಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ಉದ್ದನೆಯ ಗಾಜಿನ ಗ್ಲಾಸು. ಅದರ ತುಂಬ ತಿಳಿ ಹಸಿರು, ನೋಡಿದರೇ ಗಂಟಲು ತಂಪಾಗುವಂಥದ್ದು. ಖಸ್ ಶರಬತ್ತು ಎಂದು ನನ್ನ ಮನಸ್ಸು ಕೂಡಲೇ ತೀರ್ಪು ಕೊಟ್ಟಿತು. ವಿಜಾಪುರದ ಕಡೆಯವರು ಬಂದವರನ್ನು ಬಾಯಾರಿಸಿ ಕಳಿಸುವುದಿಲ್ಲ ಎಂದು ಅವ್ವ ಬೇರೆ ಹೇಳಿದ್ದಳು. ಬರುತ್ತೇನೆಂದು ಫೋನ್ ಮಾಡಿದ್ದೆನಲ್ಲ, ನನಗಾಗಿಯೇ ಮಾಡಿಟ್ಟಿದ್ದಾರೆ ಎಂದುಕೊಂಡು, "ಇದೆಲ್ಲಾ ಯಾಕ್ ಮಾಡಾಕ ಹೋದ್ರಿ ಖಾಲಾ" ಎಂದು ಸಂಕೋಚವನ್ನೂ ತೋರಿಸಿ, ಗ್ಲಾಸನ್ನು ತುಟಿಯ ಹತ್ತಿರ ತಂದೆ.

ಮರುಕ್ಷಣ ನನ್ನ ಮಣಿಕಟ್ಟಿನ ಮೇಲೆ ಒಂದು ಹಿತ್ತಾಳೆ ನಳ ಬಿತ್ತು. ಅದರ ಇನ್ನೊಂದು ತುದಿಯನ್ನು ಹಿಡಿದಿದ್ದವರು ಐವತ್ತು ದಾಟಿದ, ಗಿಡ್ಡನೆಯ, ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡ ಹೆಂಗಸು.

"ಇಡೋ ಕೆಳಗ," ಅಂದರು. "ನಿಕಲ್ ನೀರೈತಿ ಅದು. ಕುಡದ್ರ ಹೊಟ್ಟಿ ಒಳಗ ಪಾಲಿಶ್ ಆಗ್ತೈತಿ. ಒಳಗ ಹೊಳದ್ರ ಯಾರಿಗೆ ಕಾಣಬೇಕದು?"

ನಾನು ಗ್ಲಾಸು ಇಟ್ಟೆ. ಅವರು ಹಿಂದೆ ತಿರುಗಿ, ನೆಲದ ಮೇಲೆ ಕೂತು ನಳಗಳನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದ ಹೆಂಗಸರಿಗೆ ಹೇಳಿದರು: "ನೀರು ಸ್ವಚ್ಛ ಮಾಡೂ ಕಂಪನಿಯಿಂದ ಬಂದಾನಂತ ಇಂವಾ. ನೀರ್ಯಾವುದು, ಶರಬತ್ತ್ಯಾವುದು ಗೊತ್ತಿಲ್ಲ."

ಪರೀಕ್ಷೆಗೆ ಒಯ್ಯಲೆಂದು ನನಗಾಗಿಯೇ ತೆಗೆದಿಟ್ಟ ನೀರು ಅದು. ಅಷ್ಟರಮಟ್ಟಿಗೆ ನನ್ನ ಊಹೆ ಸರಿ.

ನನ್ನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಹೆಚ್ಚೇನೂ ಇಲ್ಲ. ಹೆಸರು ಬಸು. ಧಾರವಾಡದಿಂದ ಬಂದ ಮನೆತನ, ಹುಟ್ಟಿದ್ದು ಬೆಳೆದದ್ದು ಗೋರೆಗಾಂವ್. ಬಿ.ಕಾಂ., ಅದೂ ಎರಡನೆಯ ದಂಡಯಾತ್ರೆಯಲ್ಲಿ. ಮಲಾಡ್‌ನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗಾಳಾದಲ್ಲಿ, ಅಂದರೆ ಶೆಡ್ಡಿನಲ್ಲಿ, ಇರುವ ಪುಟ್ಟ ಕಂಪನಿಯಲ್ಲಿ ಕೆಲಸ. ವಿಸಿಟಿಂಗ್ ಕಾರ್ಡಿನ ಮೇಲೆ 'ವಾಟರ್ ಸಲ್ಯೂಷನ್ಸ್ ಅಸೋಸಿಯೇಟ್' ಎಂದಿದೆ. ಚೀಲ ಹೊರುವವನು ಎಂದು ಅರ್ಥ. ಅವ್ವ ಮಾತ್ರ ಬಿಲ್ಡಿಂಗಿನ ತುಂಬ "ನಮ್ಮ ಬಸು ನೀರಿನ ಖಾತೇದಾಗ ಅದಾನ" ಎಂದು ಹೇಳಿಬಿಟ್ಟಿದ್ದಾಳೆ. ಹೀಗಾಗಿ ಮೇಲಿನ ಮಜಲೆಯವರ ನಳಕ್ಕೆ ನೀರು ಬರದಿದ್ದರೆ ಬೈಗುಳ ನನಗೆ.

ಕಂಪನಿ ಕಟ್ಟಿದವರು ಬೆಳಗಾವಿಯ ಶುಭಾಂಗಿ ಮೇಡಂ, ರಸಾಯನಶಾಸ್ತ್ರ ಓದಿದವರು. ಟಿ.ವಿ., ಫ್ರಿಜ್ ಪೆಟ್ಟಿಗೆಗಳಲ್ಲಿ ಬರುವ ಥರ್ಮಾಕೋಲ್ ಇದೆಯಲ್ಲ, ಗುಜರಿಯವನೂ ಬೇಡವೆಂದು ಬಿಟ್ಟು ಹೋಗುವ ಆ ಬಿಳಿ ಪ್ಲಾಸ್ಟಿಕ್, ಅದನ್ನು ತಂದು ಕಾಳು ಕಾಳಾಗಿ ಪುಡಿ ಮಾಡಿ, ಬಿಸಿ ಗಂಧಕಾಮ್ಲದಲ್ಲಿ ನೆನೆಸಿ, ತೊಳೆದು ತೆಗೆದರೆ ಅದಕ್ಕೊಂದು ಹೊಸ ಚಟ ಹತ್ತುತ್ತದೆ. ನೀರಿನಲ್ಲಿ ಕರಗಿದ ಲೋಹ ಹತ್ತಿರ ಬಂದರೆ ಹಿಡಿದು ಇಟ್ಟುಕೊಳ್ಳುವ ಚಟ. ಕಡಿಮೆ ನೆನೆದರೆ ಚಟ ಹತ್ತುವುದಿಲ್ಲ. ಹೆಚ್ಚು ನೆನೆದರೆ ಕಾಳೇ ನೀರಿನಲ್ಲಿ ಕರಗಿ ಬೆಂಡೆಕಾಯಿ ಲೋಳೆಯಂತಾಗುತ್ತದೆ. ನಾನು ಸೇರಿದ ವಾರವೆಲ್ಲ ಆ ಲೋಳೆಯನ್ನು ಬಕೆಟ್ಟಿನಿಂದ ಕೆರೆದು ತೆಗೆಯುವುದೇ ನನ್ನ ಸಲ್ಯೂಷನ್ಸ್ ಆಗಿತ್ತು.

ಖಾಲಾ ನಮ್ಮನ್ನು ಕರೆಸಿದ್ದಕ್ಕೆ ಕಾರಣ ಅವರ ಬಾಗಿಲಿಗೆ ಬೀಳಲಿದ್ದ ಸೀಲು. ಅವರದು ಹಿತ್ತಾಳೆ ನಳಗಳಿಗೆ ನಿಕಲ್ ಲೇಪ ಕೊಡುವ ಕಾರ್ಖಾನೆ. ಕೊಕ್ಕೆಗೆ ನೇತುಹಾಕಿದ ನಳಗಳನ್ನು ನಿಕಲ್ ಟಾಕಿಯಲ್ಲಿ ಮುಳುಗಿಸಿ, ಕರೆಂಟ್ ಕೊಟ್ಟು, ಮೇಲೆತ್ತಿ, ಪಕ್ಕದ ಟಾಕಿಯ ನೀರಿನಲ್ಲಿ ತೊಳೆಯುತ್ತಾರೆ. ಆ ತೊಳೆದ ನೀರೇ ಹಸಿರು. ಅದನ್ನು ನೋಡಲು ಮಾಲಿನ್ಯ ತಪಾಸಣೆಯ ಸರ್ಕಾರಿ ಕಚೇರಿಯಿಂದ ಗುರುಪಾದ ಎಂಬ ಸಾಹೇಬರು ಬಂದಿದ್ದರು. ಅಕ್ಕಲಕೋಟೆ ಕಡೆಯವರು, ಅರ್ಧ ಮರಾಠಿ, ಅರ್ಧ ಕನ್ನಡ. ನೀರನ್ನು ಒಂದು ಬಾಟಲಿಗೆ ತುಂಬಿಕೊಂಡು, ಗಣಪತಿ ವಿಸರ್ಜನೆ ಆದಮೇಲೆ ಮತ್ತೆ ಬರುತ್ತೇನೆ, ಆಗಲೂ ಇದರಲ್ಲಿ ಲೋಹ ಸಿಕ್ಕರೆ ಬಾಗಿಲು ಮುಚ್ಚಿಸುತ್ತೇನೆ ಎಂದು ಹೇಳಿ ಹೋಗಿದ್ದರು. ಗಲ್ಲಿಯ ಬೇರೆ ಲೇಪದವರೆಲ್ಲ ಊರ ಹೊರಗೆ ಹೋಗುವ ಮಾತಾಡುತ್ತಿದ್ದರು. ಖಾಲಾ ಹೋಗುವಂತಿರಲಿಲ್ಲ. ನಳಗಳು ಪಕ್ಕದ ಗಲ್ಲಿಯಿಂದ ಕೈಗಾಡಿಯಲ್ಲಿ ಬರುತ್ತವೆ. ಕೊಕ್ಕೆಗೆ ಸಿಕ್ಕಿಸುವ ರೋಷನಬಿ, ಚನ್ನವ್ವ ಮತ್ತು ಅವರ ಜೊತೆಯವರು ಮೇಲಿನ ಚಾಳಿನಲ್ಲೇ ಇರುವವರು, ಒಲೆಯ ಮೇಲೆ ಬೇಳೆ ಇಟ್ಟು ಕೆಳಗಿಳಿದು ಬರುವವರು.

ಸಾಹೇಬರು ಬಂದುಹೋದ ದಿನದಿಂದ ಖಾಲಾ ಆ ನೀರನ್ನು ಹೊರಗೆ ಬಿಟ್ಟಿರಲಿಲ್ಲ. ನೀಲಿ ಡ್ರಮ್ಮುಗಳಲ್ಲಿ ತುಂಬಿಸಿ ಇಟ್ಟಿದ್ದರು. ಮೊದಲು ಗೋಡೆಯ ಬದಿ, ಆಮೇಲೆ ಮೆಟ್ಟಿಲ ಕೆಳಗೆ, ಆಮೇಲೆ ಮೋರಿಯ ಹತ್ತಿರ. ನಾನು ನೋಡುವ ಹೊತ್ತಿಗೆ ಹೆಂಗಸರು ಡ್ರಮ್ಮುಗಳ ನಡುವೆ ಲೋಕಲ್‌ನಲ್ಲಿ ಕೂತಂತೆ ಕೂತಿದ್ದರು.

"ಇನ್ನೊಂದ್ ಡ್ರಮ್ ಬಂದ್ರ ನಾ ಹೊರಗ ಹೋಗಬೇಕು, ಇಲ್ಲಾ ಖಾಲಾ ಹೋಗಬೇಕು," ಅಂದಳು ಚನ್ನವ್ವ.

"ನೀನs ಹೋಗು. ನಾ ಮಾಲಕ್ಕಿ," ಅಂದರು ಖಾಲಾ.

ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಅವರು ಮದುವೆಯಾಗಿ ಬಂದದ್ದು ಇದೇ ಚಾಳಿಗೆ. ಗಂಡ ಚಾಂದಸಾಬ; ಈ ಕಾರ್ಖಾನೆಯ ಮಾಲೀಕರೂ ಕೆಲಸಗಾರರೂ ಅವರೇ. ಹೊಸ ಸೊಸೆಗೆ ಕಾರ್ಖಾನೆ ತೋರಿಸಲು ಕರೆತಂದ ದಿನ, ಮಂಕು ಹಳದಿ ನಳ ಒಳಗೆ ಹೋಗಿ ಬೆಳ್ಳಗೆ ಮೇಲೆ ಬರುವುದನ್ನು ನೋಡಿದ ಜೇಬುನ್ನೀಸಾ ಮರುದಿನ ಯಾರಿಗೂ ಹೇಳದೆ ಅಡುಗೆಮನೆಯ ಕಬ್ಬಿಣದ ಚಿಮಟವನ್ನು ಟಾಕಿಗೆ ಇಳಿಬಿಟ್ಟರಂತೆ. ಚಿಮಟದ ಜಿಡ್ಡು, ತುಕ್ಕು ಎಲ್ಲ ಸೇರಿ ಟಾಕಿ ಕೆಟ್ಟಿತು. ಚಾಂದಸಾಬ ಅರ್ಧ ದಿನ ಮಾತು ಬಿಟ್ಟು, ಉಳಿದರ್ಧ ದಿನ ಚಿಮಟವನ್ನು ಮೊದಲು ಹೇಗೆ ತೊಳೆಯಬೇಕೆಂದು ಕಲಿಸಿದರು. ಅಲ್ಲಿಂದ ಆ ಮನೆಯಲ್ಲಿ ಲೇಪ ಬೀಳದ ಸಾಮಾನು ಉಳಿಯಲಿಲ್ಲ. ಚಿಮಟ, ಅಡಕೊತ್ತು, ಕಿಟಕಿಯ ಚಿಲಕ, ಬೀಗ, ಬೀಗದ ಕೈ. "ಈ ಮನ್ಯಾಗ ಹೊಳೀದಿರೂದು ನಾ ಒಬ್ಬನs" ಎಂದು ಚಾಂದಸಾಬ ಅನ್ನುತ್ತಿದ್ದರಂತೆ. ಅವರು ತೀರಿಕೊಂಡಾಗ ಗಲ್ಲಿಯವರು ಕಾರ್ಖಾನೆ ಯಾರಿಗೆ ಮಾರುತ್ತಾಳೆ ಎಂದು ಮಾತಾಡಿಕೊಳ್ಳುತ್ತಿರುವಾಗಲೇ ಖಾಲಾ ಗಂಡನ ರಬ್ಬರ್ ಗವಸು ಹಾಕಿಕೊಂಡು ಟಾಕಿಯ ಮುಂದೆ ನಿಂತಿದ್ದರು.

ಲೇಪ ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ಅವರದೊಂದು ಪದ್ಧತಿ. ತೊಳೆದ ಪ್ರತಿ ನಳವನ್ನೂ ಮುಖದ ಹತ್ತಿರ ಹಿಡಿಯುತ್ತಾರೆ. ಅದರಲ್ಲಿ ತಮ್ಮ ಮೂಗುತಿಯ ಹರಳು ಚೊಕ್ಕವಾಗಿ ಕಂಡರೆ ಪಾಸು, ಮಸುಕಾಗಿ ಕಂಡರೆ ಮತ್ತೆ ಟಾಕಿಗೆ. ದೂರದಿಂದ ನೋಡುವವರಿಗೆ ಈ ಹೆಂಗಸು ದಿನವಿಡೀ ನಳಗಳಿಗೆ ಮುತ್ತಿಡುತ್ತಾಳೆ ಅನ್ನಿಸಬೇಕು.

ಇನ್ನೊಂದು ಗುಣವನ್ನೂ ಹೇಳಬೇಕು. ತಪ್ಪು ಮಾಡಿದರೆ ಅದನ್ನು ಖಾಲಾ ಜಂಬದಷ್ಟೇ ಜೋರಾಗಿ ಸಾರುತ್ತಾರೆ. ಒಮ್ಮೆ ಎಣ್ಣೆ ಸರಿಯಾಗಿ ತೊಳೆಯದೆ ಲೇಪ ಕೊಟ್ಟು, ಅದೆಲ್ಲ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತ್ತಂತೆ. ಅಂಗಡಿಯವನಿಗೆ ತಾವೇ ಫೋನ್ ಮಾಡಿ, "ನಿನ್ನ ಮಾಲು ನಾ ಹಾಳ ಮಾಡೀನಿ, ಬಂದು ನೋಡಿ ಬೈದು ಹೋಗು, ಆಮ್ಯಾಲ ಮತ್ತೊಮ್ಮೆ ಮಾಡಿ ಕೊಡ್ತೀನಿ" ಅಂದಿದ್ದರು. ಅವನು ಬಂದು ಚಹಾ ಕುಡಿದು ಹೋದ. ಬೈಯಲು ಏನನ್ನೂ ಉಳಿಸಿರಲಿಲ್ಲ ಇವರು.

ನಮ್ಮ ಕಾಳು ಗ್ಲಾಸಿನಷ್ಟು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಡ್ರಮ್ಮುಗಟ್ಟಲೆ ನೀರಿಗೆ ಕಾಳೂ ಮೂಟೆಗಟ್ಟಲೆ ಬೇಕು. ಮಲಾಡ್‌ನ ಟಿ.ವಿ. ಅಂಗಡಿಗಳನ್ನೆಲ್ಲ ಸುತ್ತಿ ನಾನು ತಂದದ್ದು ಸಾಲಲಿಲ್ಲ. ಆಗ ಖಾಲಾಗೆ ಒಡಹುಟ್ಟಿದ ತಮ್ಮ ರಮಜಾನ ನೆನಪಾದ. ರಮಜಾನ ಭಾಯಿ ಗೋರೆಗಾಂವ್‌ನಲ್ಲಿ ಸಿನಿಮಾ ಸೆಟ್ಟಿಗೆ ಥರ್ಮಾಕೋಲ್ ಕೆತ್ತುವವನು. ಕಂಬ, ಕಮಾನು, ಆನೆ, ದೇವರು, ಏನು ಬೇಕಾದರೂ. ಶೂಟಿಂಗ್ ಮುಗಿದ ಮೇಲೆ ಅವೆಲ್ಲ ಕಸದ ಟ್ರಕ್ಕಿಗೆ.

ಒಂದು ಬೆಳಿಗ್ಗೆ ಅವನ ಫೋನು ಬಂತು. "ಆಪಾ, ಅರಮನಿ ಒಡ್ಯಾಕತ್ತಾರ. ಮಧ್ಯಾಹ್ನ ಟ್ರಕ್ ಬರ್ತೈತಿ. ಅದರಕಿಂತ ಮೊದಲ ಬರ್ರಿ."

ಖಾಲಾ ಕೆಲಸವನ್ನು ರೋಷನಬಿಗೆ ಒಪ್ಪಿಸಿ ಗೋರೆಗಾಂವ್‌ಗೆ ಬಂದರು. ನಾನೂ ಹೋದೆ. ಅಲ್ಲಿ ಒಂದು ಸಾಮ್ರಾಜ್ಯವೇ ಮಗುಚಿ ಬಿದ್ದಿತ್ತು. ಉದ್ದುದ್ದ ಬಂಗಾರದ ಕಂಬಗಳು, ಕಿರೀಟಗಳ ರಾಶಿ, ನಡುವೆ ಸಿಂಹದ ತಲೆಗಳಿರುವ ಬಂಗಾರದ ಸಿಂಹಾಸನ. ಕಂಬ, ಕಿರೀಟಗಳನ್ನು ಟೆಂಪೋಗೆ ಹಾಕಿ ಕಳಿಸಿದೆವು. ಸಿಂಹಾಸನಕ್ಕೆ ಜಾಗವಾಗಲಿಲ್ಲ. ಮಲಾಡ್ ಒಂದೇ ಸ್ಟೇಷನ್ ತಾನೇ, ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಒಯ್ದರಾಯಿತು ಅಂದ ರಮಜಾನ ಭಾಯಿ. ಭಾರವೇನೂ ಇರಲಿಲ್ಲ, ಹಾರಿಹೋಗದಂತೆ ಹಿಡಿದುಕೊಳ್ಳುವುದೇ ಕಷ್ಟ. ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಗಾಡಿಯೊಂದು ಹಾದುಹೋದಾಗ ರಾಜಪೀಠ ನನ್ನನ್ನೂ ಎಳೆದುಕೊಂಡು ವಡಾಪಾವ್ ಅಂಗಡಿಯತ್ತ ಹೊರಟಿತ್ತು.

ಡಬ್ಬಿಯಲ್ಲಿ ಸಿಂಹಾಸನ ಇಟ್ಟದ್ದೇ ಖಾಲಾ ಬುರ್ಖಾ ಸರಿಪಡಿಸಿಕೊಂಡು ಅದರ ಮೇಲೆ ಕೂತರು. ಎದುರಿಗೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಮೀನಿನ ಹೆಂಗಸು ಒಂದು ಗಳಿಗೆ ನೋಡಿ, "ಸರಕ್ ಗ ಬಾಯಿ, ಮಲಾ ಪಣ್ ಬಸೂ ದೇ" ಎಂದು ಸೊಂಟದಿಂದಲೇ ತಳ್ಳಿದಳು.

"ಕೂಡವಾ," ಎಂದು ಖಾಲಾ ಕನ್ನಡದಲ್ಲೇ ಜಾಗ ಕೊಟ್ಟರು. "ರಾಜ್ಯ ದೊಡ್ಡದೈತಿ."

ಇಬ್ಬರು ರಾಣಿಯರ ನಡುವೆ ಮೀನಿನ ಬುಟ್ಟಿ. ಹಾಲಿನ ಕ್ಯಾನಿನ ಭಯ್ಯಾ ಒಬ್ಬ ಎದ್ದು ನಿಂತು ಸಲಾಮು ಹೊಡೆದ. ಖಾಲಾ ಅವನಿಗೆ ಮಲಾಡ್ ಅನ್ನೇ ಜಹಗೀರಾಗಿ ಕೊಟ್ಟರು. ಅಷ್ಟರಲ್ಲಿ ಮಲಾಡ್ ಬಂದು ರಾಜ್ಯಭಾರ ಮುಗಿಯಿತು.

ಗಾಳಾದಲ್ಲಿ ಶುಭಾಂಗಿ ಮೇಡಂ ಇರಲಿಲ್ಲ. ಸಂಬಂಧಿಕರ ಮದುವೆಯೆಂದು ಬೆಳಗಾವಿಗೆ ಹೋಗಿದ್ದರು. ಟೇಪು, ಕಾಗದದ ಲೇಬಲ್ಲು ತೆಗೆದು ಪುಡಿ ಮಾಡಬೇಕು ಎಂದು ಹೇಳಿದ್ದರು. ಬಣ್ಣದ ವಿಷಯ ಹೇಳಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ನಮಗೆ ಬರುತ್ತಿದ್ದದ್ದು ಬರೀ ಬಿಳಿ. ನಾನು ಚಾಕು ತೆಗೆದುಕೊಂಡು ಸಿಂಹಾಸನದ ತೋಳನ್ನು ಕೆರೆಯತೊಡಗಿದೆ.

"ಅದನ್ಯಾಕ ಕೆರ್ಯಾಕತ್ತಿ?" ಅಂದರು ಖಾಲಾ.

"ಬಂಗಾರದ ಬಣ್ಣ ಐತಲ್ಲ ಖಾಲಾ. ಅದರಾಗ ಲೋಹ ಗೀಹ ಇದ್ರ?"

ಖಾಲಾ ನಕ್ಕರು. ಅವರ ಕಸುಬನ್ನೇ ನಾನು ಅವಮಾನಿಸಿದಂತಿತ್ತು ಆ ನಗು. "ಏ ತಮ್ಮಾ, ಕೇಳಿಲ್ಲೆ. ಕರೆಂಟ್ ಕೊಟ್ಟು ಕುಂದರಿಸಿದ್ದು ಲೋಹ. ಬ್ರಷ್‌ಲೆ ಬಳದಿದ್ದು ಬಣ್ಣ. ಥರ್ಮಾಕೋಲಿಗೆ ಕರೆಂಟ್ ಹಿಡೀತೈತೇನು?"

"ಇಲ್ಲ."

"ಮತ್ತ?"

ಆ 'ಮತ್ತ'ಕ್ಕೆ ನನ್ನ ಬಿ.ಕಾಂ. ತಲೆಬಾಗಿತು. ಚಾಕು ಕೆಳಗಿಟ್ಟೆ. ನೆನಪಿಗಿರಲಿ ಎಂದು ಒಂದು ಸಿಂಹದ ತಲೆಯನ್ನು ಖಾಲಾ ಕತ್ತರಿಸಿ ಚೀಲಕ್ಕೆ ಹಾಕಿಕೊಂಡರು. ಉಳಿದ ಸಿಂಹಾಸನ ಬಂಗಾರದ ಸಮೇತ ಪುಡಿಯಾಗಿ ಆಮ್ಲಕ್ಕೆ ಹೋಯಿತು. ಆಮ್ಲದ ಟಾಕಿ ನೋಡಿಕೊಳ್ಳುವ ನಮ್ಮ ಧನರಾಜ್, "ಬಣ್ಣ ಯಾಕೋ ತಿರುಗಿದಂಗ ಐತಿ" ಅಂದ. ರಾಜನ ಮೈಕೊಳೆ ಇರಬೇಕು ಅಂದೆ. ಇಬ್ಬರೂ ನಕ್ಕೆವು.

ಗಣಪತಿ ಕೂರುವ ವಾರ ಕಾಳನ್ನು ಬೈಕುಲ್ಲಾಕ್ಕೆ ಒಯ್ದೆವು. ಆಳೆತ್ತರದ ಪಾರದರ್ಶಕ ಪೈಪಿನಲ್ಲಿ ತುಂಬಿ, ಗೋಡೆಗೆ ನಿಲ್ಲಿಸಿ, ಮೇಲಿನಿಂದ ಡ್ರಮ್ಮಿನ ಹಸಿರು ನೀರು ಬಿಡುವ ವ್ಯವಸ್ಥೆ. ಮದುವೆಯಿಂದ ಬಂದ ಶುಭಾಂಗಿ ಮೇಡಂ ಅವರ ಕೈಯಲ್ಲಿ ಮೆಹಂದಿ ಇನ್ನೂ ಹಾಗೇ ಇತ್ತು. ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ನೀರು ಮೇಲೆ ಹೋಯಿತು, ಕಾಳಿನೊಳಗೆ ಇಳಿಯಿತು, ಕೆಳಗಿನ ನಳದಿಂದ ಗ್ಲಾಸಿಗೆ ಬಂತು.

ನೀಲಿಯಾಗಿ ಬಂತು.

ಚನ್ನವ್ವ ಬಗ್ಗಿ ನೋಡಿ, "ಖಾಲಾ, ಹಸರು ಹಾಕಿದ್ರ ನೀಲಿ ಬಂತಲ್ಲ, ಕೆಂಪು ಹಾಕಿ ನೋಡೂಣೇನು?" ಅಂದಳು.

ಶುಭಾಂಗಿ ಮೇಡಂ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದರು, ಇನ್ನೊಂದು ಅದ್ದಿದರು. "ನಿಕಲ್ ಇಲ್ಲ. ಪೂರ್ತಿ ಹಿಡದೈತಿ. ಆದ್ರ ತಾಮ್ರ ಐತಿ, ಸಿಕ್ಕಾಪಟ್ಟೆ. ಖಾಲಾ, ನಿಮ್ಮಲ್ಲಿ ತಾಮ್ರದ ಕೆಲಸ ಮಾಡ್ತೀರೇನು?"

"ಇಲ್ಲ. ಇಂವಾ ಏನರೆ ಹಾಕ್ಯಾನೇನು ನೋಡ್ರಿ," ಎಂದು ಖಾಲಾ ನನ್ನತ್ತ ನೋಡಿದರು. ಎಲ್ಲರೂ ನೋಡಿದರು. ಶರಬತ್ತಿನ ಹುಡುಗನ ಮೇಲೆ ಸಂಶಯ ಬರುವುದು ಸಹಜ. ನನಗೇ ನನ್ನ ಮೇಲೆ ಸ್ವಲ್ಪ ಬಂತು.

ಆಮೇಲೆ ಖಾಲಾ ಕಪಾಟಿನ ಮೇಲಿದ್ದ ಸಿಂಹದ ತಲೆಯನ್ನು ಇಳಿಸಿ, ಅದರ ಒಂದು ಕಿವಿ ಮುರಿದು, ನಳಗಳನ್ನು ತೊಳೆಯುವ ಆಮ್ಲದ ಬಟ್ಟಲಿಗೆ ಹಾಕಿದರು. ಕಿವಿಯ ಸುತ್ತ ಸಣ್ಣ ನೊರೆ ಎದ್ದಿತು. ಬಂಗಾರ ಬಿಟ್ಟುಕೊಂಡು ಬಿಳಿ ಥರ್ಮಾಕೋಲ್ ತೇಲಿತು. ಬಟ್ಟಲಿನ ಆಮ್ಲ ನೀಲಿಯಾಯಿತು.

ಖಾಲಾ ಫೋನ್ ತೆಗೆದು ಸ್ಪೀಕರಿಗೆ ಹಾಕಿದರು. "ರಮಜ್ಯಾ, ಆ ಸಿಂಹಾಸನದ ಬಂಗಾರ ಏನದು?"

"ಹಿತ್ತಾಳಿ ಪುಡಿ ಆಪಾ. ವಾರ್ನಿಶ್‌ನ್ಯಾಗ ಕಲಸಿ ಹಚ್ತೀವಿ. ಯಾಕ, ಖರೇ ಬಂಗಾರ ಅಂತ ತಿಳಕೊಂಡಿದ್ಯಾ?"

ಖಾಲಾ ಫೋನ್ ಇಟ್ಟರು. ಹಿತ್ತಾಳೆಯೆಂದರೆ ಅರ್ಧಕ್ಕಿಂತ ಹೆಚ್ಚು ತಾಮ್ರವೇ. ಕಾಳಿಗೆ ಚಟ ಹತ್ತಿಸುವಾಗಲೇ ಅದು ಹೊಟ್ಟೆ ತುಂಬ ತಾಮ್ರ ತಿಂದಿತ್ತು. ಈಗ ನಿಕಲ್ ಬಂದು ನೂಕಿದಾಗ ಆ ತಾಮ್ರ ಜಾಗ ಬಿಟ್ಟುಕೊಟ್ಟು ಹೊರಗೆ ಬಂದಿತ್ತು, ದಾದರ್‌ನಲ್ಲಿ ಹತ್ತುವವರು ನೂಕಿದಾಗ ಇಳಿಯುವವರು ಬರುವಂತೆ. ಇದನ್ನು ಶುಭಾಂಗಿ ಮೇಡಂ ವಿವರಿಸುವಷ್ಟರಲ್ಲಿ ಖಾಲಾ ಬಾಗಿಲಿಗೆ ಹೋಗಿ ನಿಂತು ಗಲ್ಲಿಗೇ ಕೇಳುವಂತೆ ಹೇಳತೊಡಗಿದ್ದರು.

"ಕೇಳ್ರಿ ಎಲ್ಲಾರೂ. ಹಿತ್ತಾಳಿ ನಡುವ ಕುಂತು ಮುದುಕಿ ಆದೆ. ಹಿತ್ತಾಳಿ ಮ್ಯಾಲೆ ಕುಂತು ಲೋಕಲ್‌ನ್ಯಾಗ ಮೆರದೆ. ಹಿತ್ತಾಳಿ ಗುರುತು ಹತ್ತಲಿಲ್ಲ ನನಗ. ಆ ಹುಡುಗ ಕೆರ್ಯಾಕತ್ತಿದ್ದ, ನಾನs ಬಿಡಿಸಿದೆ."

ಹೇಳುತ್ತ ಹೇಳುತ್ತ ಅವರಿಗೇ ನಗು ತಡೆಯಲಿಲ್ಲ. ಎದುರಿನ ಅಂಗಡಿಯವನು ಏನಾಯಿತು ಎಂದು ಕೇಳಿದ. ಅವನಿಗೆ ಮೊದಲಿನಿಂದ ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಹೇಳುವಾಗ ಸಿಂಹಾಸನ ಇನ್ನಷ್ಟು ದೊಡ್ಡದಾಗಿತ್ತು, ಮೀನಿನ ಹೆಂಗಸು ಇಬ್ಬರಾಗಿದ್ದರು.

ನಗುವ ಹೊತ್ತೇನೂ ಆಗಿರಲಿಲ್ಲ ಅದು. ವಿಸರ್ಜನೆ ಹತ್ತಿರವಿತ್ತು, ಸಾಹೇಬರೂ ಹತ್ತಿರವಿದ್ದರು, ಇನ್ನೊಂದು ಡ್ರಮ್ಮಿಗೆ ಜಾಗವಿರಲಿಲ್ಲ. ಉಳಿದಿದ್ದದ್ದು ಅರಮನೆಯ ಕಂಬಗಳು, ಅವೂ ಬಂಗಾರದವು. "ಸುಲಿದರಾಯ್ತು," ಅಂದರು ಖಾಲಾ. "ಉಳ್ಳಾಗಡ್ಡಿ ಸುಲ್ಯಾಂಗಿಲ್ಲೇನು?"

ಕಂಬಗಳು ಕಿರೀಟಗಳ ಸಮೇತ ಮಲಾಡ್‌ನಿಂದ ಟೆಂಪೋದಲ್ಲಿ ಬೈಕುಲ್ಲಾಕ್ಕೆ ಬಂದವು. ರಮಜಾನ ಭಾಯಿ ಥರ್ಮಾಕೋಲ್ ಕೊಯ್ಯುವ ಬಿಸಿ ತಂತಿಯ ಚೌಕಟ್ಟು ತಂದು, ಚಾಳಿನ ಗ್ಯಾಲರಿಯಲ್ಲಿ ನಿಂತು, ಮೂಲಂಗಿಯ ಸಿಪ್ಪೆ ತೆಗೆದಂತೆ ಉದ್ದಕ್ಕೆ ಬಂಗಾರದ ಪದರ ತೆಗೆದ. ಮೂಲೆ ಸಂದುಗಳಲ್ಲಿ ಉಳಿದದ್ದನ್ನು ಹೆಂಗಸರು ಚಾಕು, ಚಮಚ, ತುರಿಮಣೆ, ಕೈಗೆ ಸಿಕ್ಕಿದ್ದರಿಂದ ಕೆರೆದರು. ಬಿಳಿ ಕಾಳು ಹಾರಿ ಎಲ್ಲರ ಮೈಗೂ ಅಂಟಿಕೊಂಡವು. ಕೊಡವಿದಷ್ಟೂ ಹೆಚ್ಚು ಅಂಟುವ ಜಾತಿ ಅದು. ರೋಷನಬಿಯ ಹುಬ್ಬು ಬೆಳ್ಳಗಾದದ್ದನ್ನು ನೋಡಿ ಚನ್ನವ್ವ "ಸಲಾಮ್ ದಾದಿ" ಅಂದಳು. ತನ್ನ ಹುಬ್ಬಿಗೂ ಅದೇ ಆಗಿದೆಯೆಂದು ಚನ್ನವ್ವನಿಗೇ ಗೊತ್ತಿರಲಿಲ್ಲ.

ಕಿರೀಟಗಳನ್ನು ಸುಲಿಯುವುದು ಬೇಡ ಎಂದಾಯಿತು. ಒಂದೊಂದನ್ನು ಒಬ್ಬೊಬ್ಬರು ಹಾಕಿಕೊಂಡರು. ಚಹಾದವನು ಒಂದನ್ನು ತಲೆಗಿಟ್ಟುಕೊಂಡು ಹೋದವನು ಸಂಜೆಯವರೆಗೆ ಗಲ್ಲಿಯಲ್ಲಿ ಹಾಗೇ ಚಹಾ ಹಂಚಿದ. ನನಗೆ ಸಿಕ್ಕ ಕಿರೀಟ ಮಂತ್ರಿಯದಂತೆ, ಸಣ್ಣದು. ಶುಭಾಂಗಿ ಮೇಡಂ ಅದನ್ನು ಹಾಕಿಕೊಂಡ ನನ್ನ ಫೋಟೋ ತೆಗೆದು ಕಂಪನಿಯ ಗ್ರೂಪಿಗೆ ಹಾಕಿದರು. ಅವ್ವನಿಗೆ ಅದು ಹೇಗೆ ತಲುಪಿತೋ ತಿಳಿಯದು. ನೀರಿನ ಖಾತೆಯಲ್ಲಿ ನನಗೆ ಬಡ್ತಿ ಸಿಕ್ಕಿದೆ ಎಂದು ಬಿಲ್ಡಿಂಗಿನಲ್ಲಿ ಸುದ್ದಿಯಾಯಿತು.

ಈ ಸಲ ಆಮ್ಲದ ಟಾಕಿಯ ಮುಂದೆ ಶುಭಾಂಗಿ ಮೇಡಂ ತಾವೇ ನಿಂತರು. ಕಾಳು ಕಂದು ಬಣ್ಣಕ್ಕೆ ತಿರುಗಿ, ತೊಳೆದು, ಬೈಕುಲ್ಲಾಕ್ಕೆ ಬಂದು, ಪೈಪಿನೊಳಗೆ ಕೂತವು. ಖಾಲಾ ತಾವೇ ನಳ ತಿರುಗಿಸಿದರು. ಹಸಿರು ನೀರು ಇಳಿಯಿತು. ಮೇಲಿನ ಕಾಳು ಹಸಿರಾದವು, ಅದರ ಕೆಳಗಿನವು, ಮತ್ತೆ ಅದರ ಕೆಳಗಿನವು. ಗ್ಲಾಸಿಗೆ ಬಂದ ನೀರಿಗೆ ಬಣ್ಣವಿರಲಿಲ್ಲ. ಖಾಲಾ ಗ್ಲಾಸನ್ನು ಬೆಳಕಿಗೆ ಹಿಡಿದರು, ಬಿಳಿ ಗೋಡೆಯ ಮುಂದೆ ಹಿಡಿದರು, ಚನ್ನವ್ವನ ಹುಬ್ಬಿಗೆ ಇನ್ನೂ ಅಂಟಿಕೊಂಡಿದ್ದ ಬಿಳಿ ಕಾಳಿನ ಪಕ್ಕ ಹಿಡಿದರು. ಪಟ್ಟಿ ಅದ್ದಿದರೆ ನಿಕಲ್ಲೂ ಇಲ್ಲ, ತಾಮ್ರವೂ ಇಲ್ಲ.

ಅವರಿಗೆ ಇದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಆಮೇಲಿನದು. ಕಾಳು ಹೊಟ್ಟೆ ತುಂಬಿಸಿಕೊಂಡ ಮೇಲೆ ಸ್ವಲ್ಪ ಆಮ್ಲ ಹಾಯಿಸಿದರೆ ಹಿಡಿದದ್ದೆಲ್ಲವನ್ನೂ ಬಿಟ್ಟುಕೊಡುತ್ತವೆ. ಬಕೆಟ್ಟಿಗೆ ಕಡು ಹಸಿರು ದ್ರಾವಣ ಬಂತು. ಅದನ್ನು ಹದಕ್ಕೆ ತಂದು ಟಾಕಿಗೇ ಹಾಕಬಹುದು ಎಂದು ಶುಭಾಂಗಿ ಮೇಡಂ ಹೇಳಿದಾಗ ಖಾಲಾ ಬಕೆಟ್ಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡರು.

"ನಂದು ನನಗs ಬಂತು ನೋಡ್ರಿ," ಅಂದರು. "ಊರು ಸುತ್ತಿ ಮನಿಗೆ ಬಂದ ಗಂಡನಂಗ."

ಸುಲಿದ ಬಂಗಾರದ ಸಿಪ್ಪೆಯನ್ನು ರಮಜಾನ ಭಾಯಿ ಮೂಟೆ ಕಟ್ಟಿ ಒಯ್ದ. ಮುಂದಿನ ರಾಜನ ಬಾಗಿಲಿಗೆ ಅಂಟಿಸುತ್ತಾನಂತೆ. ಡ್ರಮ್ಮುಗಳು ಒಂದೊಂದಾಗಿ ಖಾಲಿಯಾದವು. ನೆಲ ಕಾಣಿಸಿದ ದಿನ ರೋಷನಬಿ ಕಾಲು ಚಾಚಿ ಕೂತು, ಬಹಳ ದಿನದ ಮೇಲೆ ಮೊಣಕಾಲು ಸಿಕ್ಕಿತು ಅಂದಳು.

ವಿಸರ್ಜನೆಯ ಗುಲಾಲು ರಸ್ತೆಯ ಮೇಲೆ ಇನ್ನೂ ಇರುವಾಗಲೇ ಗುರುಪಾದ ಸಾಹೇಬರು ಬಂದರು. ಬರುವ ಮೊದಲು ಶುಭಾಂಗಿ ಮೇಡಂ ಖಾಲಾಗೆ ಪಾಠ ಹೇಳಿದ್ದರು. "ಈಗಿನ ನೀರಿನ ಬಗ್ಗೆ ಏನ್ ಬೇಕಾದ್ರೂ ಹೇಳ್ರಿ ಖಾಲಾ. ಹಳೇದು ಕೇಳಿದ್ರ ನೆನಪಿಲ್ಲ ಅನ್ರಿ. ಮಾತು ಬೆಳೆಸಬ್ಯಾಡ್ರಿ."

"ಆಯ್ತವಾ," ಅಂದಿದ್ದರು ಖಾಲಾ, ಬಹಳ ವಿಧೇಯರಾಗಿ. ಆ ವಿಧೇಯತೆ ನೋಡಿ ನನಗೆ ಅನುಮಾನ ಬಂದಿತ್ತು.

ಸಾಹೇಬರು ಪೈಪು ನೋಡಿದರು. ಕಾಳನ್ನು ಯಾವುದರಿಂದ ಮಾಡಿದ್ದು ಎಂದು ಕೇಳಿದರು. ಅರಮನೆಯ ಕಂಬದಿಂದ ಎಂದು ಚನ್ನವ್ವ ಹೇಳಿದಾಗ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ತಮ್ಮ ಬಾಟಲಿಗೆ ತಾವೇ ನೀರು ತುಂಬಿಕೊಂಡು, ಜೊತೆಗೆ ತಂದಿದ್ದ ಸಣ್ಣ ಯಂತ್ರದಲ್ಲಿ ಹಾಕಿ, ಬಹಳ ಹೊತ್ತು ಅದರ ಗಾಜನ್ನೇ ನೋಡಿದರು. ಹೆಂಗಸರ ಕೈಯಲ್ಲಿ ನಳಗಳು ಅಲ್ಲಲ್ಲೇ ನಿಂತಿದ್ದವು. ಖಾಲಾ ಗವಸನ್ನು ತೆಗೆದು ಮತ್ತೆ ಹಾಕಿಕೊಂಡರು.

"ಛಾನ್," ಅಂದರು ಸಾಹೇಬರು. "ನೀರು ಚೊಕ್ಕ ಅದ. ಕಾರ್ಖಾನಿ ಚಾಲೂ ಇಡ್ರಿ."

ಚನ್ನವ್ವ ನಳವನ್ನು ಕೊಕ್ಕೆಗೆ ಸಿಕ್ಕಿಸಿದಳು. ಆ ಸದ್ದಿಗೆ ಎಲ್ಲರ ಉಸಿರೂ ಹೊರಗೆ ಬಂತು. ಚಹಾ ಬಂತು. ಖಾಲಾ ಸಾಹೇಬರಿಗೆ ಬಿಸ್ಕತ್ತಿನ ತಾಟು ಮುಂದೆ ಮಾಡಿದರು, ಶುಭಾಂಗಿ ಮೇಡಂ ಮೊದಲ ಬಾರಿಗೆ ಕುರ್ಚಿಗೆ ಒರಗಿದರು. ಸಾಹೇಬರು ಸಹಿ ಹಾಕಿ, ಪೆನ್ನು ಜೇಬಿಗಿಟ್ಟು, ಸುತ್ತಲೂ ಕಣ್ಣಾಡಿಸಿ, ಗೋಡೆಯ ಬದಿಯ ಖಾಲಿ ಡ್ರಮ್ಮುಗಳನ್ನು ನೋಡಿದರು.

"ಈ ಡ್ರಮ್ಮು ನಾ ಮೊದಲ ಸಲ ಬಂದಾಗ ಇದ್ದಿಲ್ಲ," ಅಂದರು. "ಖರೇ ಹೇಳ್ರಿ ಬಾಯಿ, ಅದಕ್ಕೂ ಮೊದಲ, ಇಷ್ಟು ವರ್ಷ, ಈ ಹಸರು ನೀರು ಎಲ್ಲಿ ಹೋಗ್ತಿತ್ತು?"

ಶುಭಾಂಗಿ ಮೇಡಂ ಖಾಲಾರನ್ನು ನೋಡಿ, ಕಣ್ಣಲ್ಲೇ ಪಾಠ ನೆನಪಿಸಿದರು. ನಾನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವನು ಎತ್ತುವುದನ್ನು ಮರೆತೆ.

"ಗಟಾರಕ್ಕ," ಅಂದರು ಜೇಬುನ್ನೀಸಾ ಖಾಲಾ. "ಬ್ಯಾರೆ ಎಲ್ಲಿಗೆ ಬಿಡಲಿ ಸಾಹೇಬ? ನನ್ನ ಗಂಡನೂ ಬಿಟ್ಟ, ನಾನೂ ಬಿಟ್ಟೆ, ಹಾಡಹಗಲೇ ಬಿಟ್ಟೆ. ತಪ್ಪು ಮಾಡೀನಿ. ಚಹಾ ಆರಾಕತ್ತೈತಿ, ಕುಡೀರಿ."